ಹೇಳದೆ ಹೋದ ಆಳಿನ ಬಾಕಿ

ಪ್ರತಿ ವರ್ಷ ಕೊಯ್ಲು ಮುಗಿದು ಲೆಕ್ಕಪತ್ರ ತೀರಿಸುವ ಹೊತ್ತಿಗೆ ನಮ್ಮ ಸದಸ್ಯ ಬಾಂಧವರಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. ಮುಂಗಡ ಪಡೆದ ಆಳು ನಡುವೆಯೇ ಹೇಳದೆ ಊರಿಗೆ ಹೋದ. ಅಥವಾ ಮೇಸ್ತ್ರಿಯೊಡನೆ ಜಗಳವಾಡಿ ಕೆಲಸ ಕೆಡಿಸಿದ. ಅಥವಾ ಕುಡಿದು ಬಂದನೆಂದು ನಾವೇ ಕಳುಹಿಸಿಬಿಟ್ಟೆವು. ಇಂಥವನ ಎರಡು ವಾರದ ಬಾಕಿ ಕೊಡಬೇಕೆ? "ತಪ್ಪು ಮಾಡಿದವನಿಗೆ ಬಾಕಿ ಎಂಥದು ಮಾರಾಯ್ರೆ?" ಎಂಬುದು ಬಹುಮಂದಿಯ ಉತ್ತರ. ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿರುವಾಗ ಆಳು ಕೈಕೊಟ್ಟರೆ ಬೆಳೆಗಾರನ ಹೊಟ್ಟೆ ಉರಿಯುವುದು ಸಹಜವೇ. ಆದರೆ ತಪ್ಪಿಗೂ ಬಾಕಿಗೂ, ತಪ್ಪಿಗೂ ಸೌಲಭ್ಯಕ್ಕೂ ಇರುವ ಸಂಬಂಧ ನಾವು ತಿಳಿದಷ್ಟು ಸರಳವಾದುದಲ್ಲ. ಈ ವಿಷಯದಲ್ಲಿ ನನಗೆ ತೋರಿದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಸದಸ್ಯರ ಮುಂದಿಡಬೇಕೆಂದಿದ್ದೇನೆ.

ಮೊದಲು ಆಳು ಎಲ್ಲಿಂದ ಬರುತ್ತಾನೆ ಎಂಬುದನ್ನು ನೋಡಬೇಕು. ಸ್ಥಳೀಯ ಆಳುಗಳು ಕಡಿಮೆಯಾದ ಮೇಲೆ ಘಟ್ಟದ ತೋಟಗಳು ಹೊರಗಿನವರನ್ನೇ ನಂಬಿವೆ. ಅಸ್ಸಾಮಿನಿಂದ ಬರುವವರ ಮಾತು ಬೇರೆ. ಉತ್ತರ ಕರ್ನಾಟಕದಿಂದ ಬರುವವರ ಪೈಕಿ ಯಾದಗಿರಿ, ಶಹಾಪುರ, ಸುರಪುರದ ಕಡೆಯವರನ್ನು ಉದಾಹರಣೆಗಾಗಿ ತೆಗೆದುಕೊಳ್ಳುತ್ತೇನೆ. ಈ ಮೂರೂ ತಾಲ್ಲೂಕುಗಳು 2009ರ ಡಿಸೆಂಬರ್ 30ರವರೆಗೆ ಗುಲ್ಬರ್ಗ ಜಿಲ್ಲೆಗೆ ಸೇರಿದ್ದವು. ಅಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ನಾರಾಯಣಪುರದ ಅಣೆಕಟ್ಟಿನ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಒಂದು ಭಾಗಕ್ಕೆ ಕೃಷ್ಣೆಯ ನೀರು ತಂದಿದೆ. ಅಲ್ಲಿ ಭತ್ತ, ಹತ್ತಿ ಬೆಳೆಯುತ್ತಾರೆ. ಕಾಲುವೆ ಮುಟ್ಟದ ಊರುಗಳಲ್ಲಿ ತೊಗರಿ, ಜೋಳ, ಮತ್ತೆ ಆಕಾಶದ ಮಳೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನೂ ದನಗಳನ್ನೂ ಬಿಟ್ಟು, ಕೈಕೂಸುಗಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಇದಕ್ಕೆ ಅವರು ಗುಳೆ ಎನ್ನುತ್ತಾರೆ. ಹೆಚ್ಚಿನವರು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋಗುವವರು. ಒಂದಷ್ಟು ಮಂದಿ ನಮ್ಮ ಕಾಫಿ ಕೊಯ್ಲಿಗೂ ಅಡಿಕೆ ಸುಲಿತಕ್ಕೂ ಘಟ್ಟ ಹತ್ತುತ್ತಾರೆ.

ಈ ಗುಳೆ ತಪ್ಪಿಸಲೆಂದೇ ಉದ್ಯೋಗ ಖಾತ್ರಿ ಕಾಯಿದೆ ಬಂದದ್ದು. 2005ರಲ್ಲಿ ಸಂಸತ್ತು ಅಂಗೀಕರಿಸಿದ ಆ ಕಾಯಿದೆ 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಯಾಯಿತು. ನಮ್ಮ ರಾಜ್ಯದ ಐದು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಹಾಗಾಗಿ ಯಾದಗಿರಿ, ಶಹಾಪುರ, ಸುರಪುರದವರಿಗೆ ಮೊದಲ ದಿನದಿಂದಲೇ ಅದರ ಹಕ್ಕು ದೊರೆಯಿತು. ವರ್ಷಕ್ಕೆ ನೂರು ದಿನ ಕೆಲಸ. ಕೆಲಸ ಕೇಳಿ ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ ಮೂವತ್ತು ದಿನ ಕೂಲಿಯ ಕಾಲುಭಾಗಕ್ಕೆ ಕಡಿಮೆಯಿಲ್ಲದಂತೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಹಳ್ಳಿಯ ಕೂಲಿಯವನಿಗೆ "ನಿನಗೆ ಕೆಲಸ ಕೊಡದಿದ್ದುದು ಸರ್ಕಾರದ ತಪ್ಪು, ಆ ತಪ್ಪಿಗೆ ಇಗೋ ಹಣ" ಎಂದು ಹೇಳಿದ ಕಾನೂನು ಈ ದೇಶದಲ್ಲಿ ಅದಕ್ಕೆ ಮೊದಲು ಅಪರೂಪ.

ಆದರೆ ಅದೇ ಕಾಯಿದೆಯ ಒಂಬತ್ತನೆಯ ಕಲಮಿನಲ್ಲಿ ಇನ್ನೊಂದು ಮಾತಿತ್ತು. ಕೊಟ್ಟ ಕೆಲಸವನ್ನು ಒಪ್ಪದವನು, ಕೆಲಸಕ್ಕೆ ಬಾ ಎಂದು ತಿಳಿಸಿದ ಹದಿನೈದು ದಿನದೊಳಗೆ ಹಾಜರಾಗದವನು, ಅಪ್ಪಣೆಯಿಲ್ಲದೆ ಒಂದೇ ಸಮನೆ ಒಂದು ವಾರಕ್ಕಿಂತ ಹೆಚ್ಚು, ಇಲ್ಲವೆ ಯಾವುದಾದರೂ ತಿಂಗಳಲ್ಲಿ ಒಟ್ಟು ಒಂದು ವಾರಕ್ಕಿಂತ ಹೆಚ್ಚು ಗೈರುಹಾಜರಾದವನು ಮೂರು ತಿಂಗಳ ಕಾಲ ನಿರುದ್ಯೋಗ ಭತ್ಯೆಗೆ ಅರ್ಹನಲ್ಲ ಎಂಬುದೇ ಆ ಮಾತು. ಕೆಲಸ ಮಾತ್ರ ಕೇಳಬಹುದು. ಹೇಳದೆ ಹೋದವನ ಬಾಕಿ ಹಿಡಿಯುವ ನಮ್ಮ ತೋಟದ ನ್ಯಾಯಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿದೆ ಎನ್ನಲಡ್ಡಿಯಿಲ್ಲ.

ಈ ನಿಯಮ ಗುಳೆ ಬಂದವನ ಮೇಲೆ ಹೇಗೆ ಬೀಳುತ್ತಿತ್ತು ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಶಹಾಪುರ ತಾಲ್ಲೂಕಿನ ಒಬ್ಬ ಗಂಡಾಳು ತೊಗರಿ ಒಣಗಿತೆಂದು ನವೆಂಬರಿನಲ್ಲಿ ಗ್ರಾಮ ಪಂಚಾಯಿತಿಗೆ ಕೆಲಸದ ಅರ್ಜಿ ಕೊಡುತ್ತಾನೆ. ಹದಿನೈದು ದಿನ ಕಳೆದರೂ ಕೆಲಸವಿಲ್ಲ. ಮನೆಯಲ್ಲಿ ಹಿಟ್ಟು ತೀರುತ್ತದೆ. ಮೇಸ್ತ್ರಿ ಮುಂಗಡ ಹಿಡಿದು ಬಾಗಿಲಿಗೆ ಬರುತ್ತಾನೆ. ಇವನು ಹೆಂಡತಿಯೊಡನೆ ಕಾಫಿ ಕೊಯ್ಲಿಗೆ ಹೊರಟುಬಿಡುತ್ತಾನೆ. ಜನವರಿಯಲ್ಲಿ ಪಂಚಾಯಿತಿಯವರು ನಾಲಾ ಹೂಳೆತ್ತುವ ಕೆಲಸ ತೆಗೆದು ಹೆಸರು ಕೂಗುತ್ತಾರೆ. ಆಳು ಊರಿನಲ್ಲಿಲ್ಲ. ಹದಿನೈದು ದಿನ ಮುಗಿಯಿತು. ಫೆಬ್ರವರಿ, ಮಾರ್ಚಿಗೆ ನಮ್ಮಲ್ಲಿ ರೊಬಸ್ಟಾ ಕೊಯ್ಲೂ ಮುಗಿದು ಅವನು ಊರಿಗೆ ಮರಳಿದಾಗ ಕೆಲಸವೂ ಇಲ್ಲ, ಭತ್ಯೆಯ ಹಕ್ಕೂ ಮೂರು ತಿಂಗಳು ಇಲ್ಲ. ಬೇಸಿಗೆಯ ನಡುವೆ, ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ.

ನಮ್ಮ ತೋಟದಲ್ಲಿ ದುಡಿದ ದಿನಗಳಿಗೆ ಅವನಿಗೆ ಭತ್ಯೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಕೂಲಿ ಪಡೆಯುತ್ತಿದ್ದವನು ನಿರುದ್ಯೋಗಿಯಲ್ಲ. ಆದರೆ ಚಾವಡಿಯಲ್ಲಿ ಇಸ್ಪೀಟು ಆಡುತ್ತ ಕುಳಿತು ಕರೆದಾಗ ಬಾರದವನನ್ನೂ, ಐನೂರು ಕಿಲೋಮೀಟರು ದೂರ ಬಂದು ಬೆವರು ಸುರಿಸುತ್ತಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಮತ್ತೊಂದು ಸಂಗತಿಯನ್ನೂ ಮರೆಮಾಚಬಾರದು: ಆ ಭತ್ಯೆ ಕೈಗೆ ಸಿಕ್ಕವರೇ ವಿರಳ. ಅರ್ಜಿಗೆ ತಾರೀಖು ಹಾಕಿದ ರಸೀತಿ ಕೊಡಬೇಕೆಂದು ಕಾಯಿದೆ ಹೇಳಿದರೂ ರಸೀತಿ ಕೇಳಿ ಪಡೆದವರು ಕಡಿಮೆ. ರಸೀತಿಯಿಲ್ಲದೆ ಹದಿನೈದು ದಿನ ಯಾವಾಗ ಮುಗಿಯಿತೆಂದು ಯಾರು ಹೇಳಬೇಕು? ಕಾಗದವಿಲ್ಲದವನಿಗೆ ಹಕ್ಕೂ ಇಲ್ಲ ಎಂಬುದು ಯಾದಗಿರಿಯಲ್ಲೂ ಸತ್ಯ, ನಮ್ಮ ಬಟವಾಡೆ ಕಟ್ಟೆಯ ಮುಂದೂ ಸತ್ಯ.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಬದಲಿಗೆ ಹೊಸದೊಂದನ್ನು ಅಂಗೀಕರಿಸಿತು. ನೂರು ದಿನದ ಜಾಗದಲ್ಲಿ 125 ದಿನ; ಬಿತ್ತನೆ, ಕೊಯ್ಲುಗಳ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನಗಳವರೆಗೆ ಕಾಮಗಾರಿ ನಿಲ್ಲಿಸಲು ಅವಕಾಶ. ಆಳು ಸಿಗಲೆಂದೇ ಈ ಬಿಡುವು ಎಂದು ನಮ್ಮಲ್ಲಿ ಕೆಲವರು ಸಂತೋಷಪಟ್ಟದ್ದುಂಟು. ನನಗೆ ಅಷ್ಟು ಸಂತೋಷವಿಲ್ಲ. ಊರಿನಲ್ಲಿ ಸರ್ಕಾರಿ ಕೆಲಸ ನಿಂತ ದಿನಗಳಲ್ಲೇ ಊರ ಹೊಲದ ಕೆಲಸವೂ ಸಿಗದೆ ಹೋದರೆ ಆಳು ಮೇಸ್ತ್ರಿಯ ಕೈಗೆ ಇನ್ನಷ್ಟು ಅಗ್ಗವಾಗಿ ಸಿಗುತ್ತಾನೆಯೇ ಹೊರತು ನಮ್ಮ ತೋಟಕ್ಕೆ ಇನ್ನಷ್ಟು ನಿಷ್ಠೆಯಿಂದ ಬರುವುದಿಲ್ಲ. ಹಸಿದು ಬಂದವನು ಎಲ್ಲಿ ಹತ್ತು ರೂಪಾಯಿ ಹೆಚ್ಚು ಸಿಕ್ಕರೂ ಅಲ್ಲಿಗೆ ಜಾರುತ್ತಾನೆ. ಆಮೇಲೆ ನಾವು ಅವನನ್ನು ಕೈಕೊಟ್ಟವನೆನ್ನುತ್ತೇವೆ.

ಪಟ್ಟಣದ ಕಾರ್ಖಾನೆಯ ನೌಕರನ ಸ್ಥಿತಿ ಹೇಗೆ? ರಾಜ್ಯ ವಿಮಾ ಯೋಜನೆಗೆ, ಅಂದರೆ ಇ.ಎಸ್.ಐ.ಗೆ ಸೇರಿದವನಿಗೆ 2005ರ ಏಪ್ರಿಲಿನಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂತು. 2018ರ ಜುಲೈಯಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಎರಡನೆಯದರಲ್ಲಿ ಮೊದಲು ಸರಾಸರಿ ಗಳಿಕೆಯ ಕಾಲುಭಾಗವಿದ್ದುದನ್ನು 2020ರಲ್ಲಿ ಅರ್ಧಕ್ಕೆ ಏರಿಸಿದರು, ಜೀವಮಾನದಲ್ಲಿ ಗರಿಷ್ಠ 90 ದಿನಕ್ಕೆ. ಆದರೆ ದುರ್ನಡತೆಗಾಗಿ ವಜಾ ಆದವನಿಗೆ ಇದು ಇಲ್ಲ. ಕಾನೂನುಬಾಹಿರವೆಂದು ಸಾರಿದ ಮುಷ್ಕರದಲ್ಲಿದ್ದವನಿಗೂ ಇಲ್ಲ. ತೋಟದ ಆಳುಗಳು ಇ.ಎಸ್.ಐ. ಹೊರಗೇ ಉಳಿದವರು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ಇಷ್ಟವಿದ್ದ ತೋಟದ ಮಾಲೀಕರು ಸೇರಬಹುದೆಂದು ಬಾಗಿಲು ಮಾತ್ರ ತೆರೆದಿದೆ.

ದೊಡ್ಡ ಎಸ್ಟೇಟುಗಳಲ್ಲಿ ದುರ್ನಡತೆಯಿಂದ ನಿಜವಾಗಿ ಕಳೆದುಹೋಗುವುದು ಗ್ರಾಚ್ಯುಯಿಟಿ. 1972ರ ಗ್ರಾಚ್ಯುಯಿಟಿ ಪಾವತಿ ಕಾಯಿದೆಯಲ್ಲಿ ಕಾರ್ಖಾನೆ, ಗಣಿಗಳ ಜೊತೆಗೆ ತೋಟವನ್ನೂ ಹೆಸರಿಸಿದ್ದರು. ಐದು ವರ್ಷ ಬಿಡದೆ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿ, ಋತುಮಾನದ ಸಂಸ್ಥೆಯಾದರೆ ಪ್ರತಿ ಋತುವಿಗೆ ಏಳು ದಿನದ್ದು. ಮಾಲೀಕನ ಸೊತ್ತಿಗೆ ಬೇಕೆಂದೇ ಅಥವಾ ಅಲಕ್ಷ್ಯದಿಂದ ನಷ್ಟ ಮಾಡಿ ವಜಾ ಆದವನ ಗ್ರಾಚ್ಯುಯಿಟಿಯನ್ನು *ಆ ನಷ್ಟದಷ್ಟು ಮಟ್ಟಿಗೆ* ಹಿಡಿಯಬಹುದು. ದೊಂಬಿ, ಹೊಡೆದಾಟ, ಇಲ್ಲವೆ ಕೆಲಸದ ನಡುವೆ ಮಾಡಿದ ನೀತಿಗೆಟ್ಟ ಅಪರಾಧಕ್ಕಾಗಿ ವಜಾ ಆದರೆ ಪೂರ್ತಿ ಅಥವಾ ಭಾಗಶಃ ಹಿಡಿಯಬಹುದು. ಹೊಸ ಸಂಹಿತೆಯೂ ಈ ನಿಯಮವನ್ನೇ ಇಟ್ಟುಕೊಂಡಿದೆ. ಇಲ್ಲಿ ಗಮನಿಸಬೇಕಾದುದು, ಹೇಳದೆ ಊರಿಗೆ ಹೋಗುವುದು ಈ ಪಟ್ಟಿಯಲ್ಲಿಲ್ಲ. ಮೇಸ್ತ್ರಿಗೆ ಎದುರು ಮಾತಾಡುವುದೂ ಇಲ್ಲ. ಔಷಧಿ ಹೊಡೆಯುವ ಪಂಪು ಒಡೆದುಹಾಕಿದರೆ ಪಂಪಿನ ಬೆಲೆ. ಇಪ್ಪತ್ತು ವರ್ಷದ ದುಡಿಮೆಯ ಗಂಟಲ್ಲ.

2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಕಂಪನಿಯ ಪ್ರಕರಣದಲ್ಲಿ ಈ ವಿಷಯವನ್ನು ವಿಚಾರಿಸಿತು. ನೀತಿಗೆಟ್ಟ ಅಪರಾಧವೆಂದು ಗ್ರಾಚ್ಯುಯಿಟಿ ಹಿಡಿಯಲು ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿರಲೇಬೇಕೆಂದಿಲ್ಲ ಎಂದಿತು. ಮಾಲೀಕರ ಪಕ್ಷಕ್ಕೆ ಇದು ಅನುಕೂಲವೇ ಸರಿ. ಆದರೆ ಅದೇ ತೀರ್ಪಿನಲ್ಲಿ, ಟಿಕೆಟಿನ ಹಣ ನುಂಗಿದ ಮಹಾರಾಷ್ಟ್ರ ಸಾರಿಗೆ ಸಂಸ್ಥೆಯ ಕಂಡಕ್ಟರುಗಳ ವಿಷಯ ಬಂದಾಗ, ಗ್ರಾಚ್ಯುಯಿಟಿಯಲ್ಲಿ ಶೇಕಡಾ 25ರಷ್ಟು ಮಾತ್ರ ಹಿಡಿಯಿರಿ, ಉಳಿದುದನ್ನು ಕೊಡಿ ಎಂದಿತು. ಹಣ ಕದ್ದವನಿಗೇ ಮುಕ್ಕಾಲು ಪಾಲು ಉಳಿಸಿಕೊಟ್ಟ ಮೇಲೆ, ತಾಯಿಯ ಕಾಯಿಲೆಗೆಂದು ಸುರಪುರಕ್ಕೆ ರಾತ್ರಿ ಬಸ್ಸು ಹತ್ತಿದವನ ಕೂಲಿ ಪೂರ್ತಿ ನುಂಗುವ ನಮ್ಮ ಪದ್ಧತಿಗೆ ಏನೆನ್ನಬೇಕು?

"ಅದೆಲ್ಲ ದೊಡ್ಡ ಎಸ್ಟೇಟಿನವರಿಗೆ, ನಮ್ಮಂಥ ನಾಲ್ಕೆಕರೆಯವರಿಗಲ್ಲ" ಎಂದು ಸದಸ್ಯರು ಹೇಳಬಹುದು. ಮಾತಿನಲ್ಲಿ ಹುರುಳಿದೆ. 1951ರ ತೋಟ ಕಾರ್ಮಿಕರ ಕಾಯಿದೆ ಐದು ಹೆಕ್ಟೇರಿಗೂ ಹದಿನೈದು ಆಳಿಗೂ ಕಡಿಮೆಯಿದ್ದ ತೋಟವನ್ನು ಮುಟ್ಟುತ್ತಿರಲಿಲ್ಲ; ಅದರಲ್ಲಿ ಕಾಫಿ, ಚಹಾ, ರಬ್ಬರು, ಏಲಕ್ಕಿ ಮೊದಲಾದವುಗಳ ಹೆಸರಿತ್ತೇ ಹೊರತು ಅಡಿಕೆಯ ಹೆಸರಿರಲಿಲ್ಲ. ಹೊರರಾಜ್ಯದ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಮಾಡಿದ ಕಾಯಿದೆಯೂ ಅಸ್ಸಾಮಿನವನಿಗೆ ಅನ್ವಯಿಸಬಹುದಿತ್ತು, ಯಾದಗಿರಿಯವನಿಗಲ್ಲ; ಅವನು ರಾಜ್ಯದ ಗಡಿ ದಾಟಿ ಬಂದವನಲ್ಲವಷ್ಟೆ. ಮಾತು ಒಂದೇ, ಮುಖ್ಯಮಂತ್ರಿ ಒಬ್ಬರೇ. ಆದಕಾರಣ ಅವನು ಯಾವ ಕಾಯಿದೆಯ ಲೆಕ್ಕಕ್ಕೂ ವಲಸೆಗಾರನಲ್ಲ! ಇದೊಂದು ವಿಚಿತ್ರ.

ಆದರೆ ಕೂಲಿಯ ವಿಷಯ ಹಾಗಲ್ಲ. ವೇತನ ಸಂಹಿತೆಯೂ 2025ರ ನವೆಂಬರ್ 21ರಂದೇ ಜಾರಿಗೆ ಬಂದಿದೆ, ಅದಕ್ಕೆ ಎಕರೆಯ ಮಿತಿಯಿಲ್ಲ. ಕೆಲಸದಿಂದ ತೆಗೆದವನಿಗೂ ತಾನಾಗಿ ಬಿಟ್ಟವನಿಗೂ ಎರಡು ಕೆಲಸದ ದಿನದೊಳಗೆ ಬಾಕಿ ತೀರಿಸಬೇಕು. ಬಾರದ ದಿನದ ಕೂಲಿ ಮುರಿಯಬಹುದು. ಕೊಟ್ಟ ಮುಂಗಡ ಮುರಿದುಕೊಳ್ಳಬಹುದು. ಅವನ ಅಲಕ್ಷ್ಯದಿಂದಲೇ ಆದ ನಷ್ಟವನ್ನೂ, ಅವನ ಮಾತು ಕೇಳಿದ ಮೇಲೆ, ಮುರಿಯಬಹುದು. ದಂಡವಾದರೆ ಕೂಲಿಯ ನೂರಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಎಲ್ಲ ಕಡಿತವೂ ಸೇರಿ ಅರ್ಧಕ್ಕೆ ಮೀರುವಂತಿಲ್ಲ. ದುಡಿದ ದಿನದ ಕೂಲಿಯನ್ನು ದುರ್ನಡತೆಯ ಹೆಸರಿನಲ್ಲಿ ಪೂರ್ತಿ ಹಿಡಿಯುವ ಅಧಿಕಾರ ಯಾರಿಗೂ ಕೊಟ್ಟಿಲ್ಲ. ಮುಂಗಡ ತೀರುವವರೆಗೆ ಚೀಲ ಹಿಡಿದಿಟ್ಟುಕೊಳ್ಳುವುದು, ಆಧಾರ್ ಕಾರ್ಡು ಇಟ್ಟುಕೊಳ್ಳುವುದು, ಹೆಂಡತಿ ಮಕ್ಕಳನ್ನು ಲೈನಿನಲ್ಲಿ ಉಳಿಸಿಕೊಂಡು ಗಂಡನನ್ನು ಕಳುಹಿಸುವುದು, ಇವು 1976ರ ಜೀತ ನಿರ್ಮೂಲನ ಕಾಯಿದೆಯ ಬಾಗಿಲಿಗೆ ನಮ್ಮನ್ನು ಕೊಂಡೊಯ್ಯುವ ಕೆಲಸಗಳು. ನಮ್ಮ ಸದಸ್ಯರು ಇಂಥದಕ್ಕೆ ಕೈಹಾಕುವವರಲ್ಲ ಎಂದೇ ನಂಬಿದ್ದೇನೆ. ಆದರೆ ನಮ್ಮ ಹೆಸರಿನಲ್ಲಿ ಮೇಸ್ತ್ರಿ ಏನು ಮಾಡುತ್ತಾನೆಂಬುದನ್ನು ವಿಚಾರಿಸುವವರು ಎಷ್ಟು ಮಂದಿ?

ಯಾವುದು ದುರ್ನಡತೆ ಎಂಬುದು ಎಲ್ಲ ದೇಶಗಳನ್ನೂ ಕಾಡಿದ ಪ್ರಶ್ನೆ. ಬ್ರಿಟನ್ನು 1911ರಲ್ಲಿ ನಿರುದ್ಯೋಗ ವಿಮೆ ತಂದಾಗಲೇ, ತನ್ನ ದುರ್ನಡತೆಯಿಂದ ಕೆಲಸ ಕಳೆದುಕೊಂಡವನಿಗೂ ಸಕಾರಣವಿಲ್ಲದೆ ಬಿಟ್ಟವನಿಗೂ ಆರು ವಾರ ಹಣವಿಲ್ಲ ಎಂದು ಬರೆಯಿತು. ಆರು ವಾರ, ಜೀವನಪರ್ಯಂತವಲ್ಲ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಸುಪ್ರೀಂ ಕೋರ್ಟು 1941ರಲ್ಲಿ ಟ್ಯಾಕ್ಸಿ ಕಂಪನಿಯ ಚಾಲಕನೊಬ್ಬನ ಪ್ರಕರಣದಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು: ಮಾಲೀಕನ ಹಿತವನ್ನು ಬೇಕೆಂದೇ ತುಳಿದರೆ ಅದು ದುರ್ನಡತೆ, ಕೆಲಸ ಚೆನ್ನಾಗಿ ಬಾರದಿರುವುದು, ಕೈಲಾಗದಿರುವುದು, ಒಂದೊಂದು ಸಲ ಎಚ್ಚರ ತಪ್ಪುವುದು, ಒಳ್ಳೆಯ ಮನಸ್ಸಿನಿಂದ ತಪ್ಪು ಎಣಿಸುವುದು ದುರ್ನಡತೆಯಲ್ಲ. ಆ ದೇಶದ ಇತರ ಸಂಸ್ಥಾನಗಳೂ ಬಹುಪಾಲು ಇದನ್ನೇ ಹಿಡಿದವು. ನಮ್ಮ ತೋಟಕ್ಕೆ ಇದನ್ನು ಹಚ್ಚಿದರೆ ಹೀಗಾದೀತು. ಕಾಳುಮೆಣಸು ಚೀಲಕ್ಕೆ ತುಂಬಿ ರಾತ್ರಿ ಬೇಲಿ ದಾಟಿಸಿದವನು ಒಂದು ಕಡೆ. ಬಯಲುಸೀಮೆಯಿಂದ ಬಂದು, ಗಿಡವನ್ನು ಹುಟ್ಟಿನಲ್ಲಿ ನೋಡದೆ, ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಸೆಳೆದು ರೆಕ್ಕೆ ಮುರಿದವನು ಇನ್ನೊಂದು ಕಡೆ. ಮೊದಲನೆಯವನನ್ನು ಪೊಲೀಸರಿಗೆ ಕೊಡಿ, ನನ್ನ ಆಕ್ಷೇಪವಿಲ್ಲ. ಎರಡನೆಯವನಿಗೆ ಒಂದು ದಿನ ಜೊತೆಗೆ ನಿಂತು ಕಲಿಸಬೇಕಾದುದು ನಮ್ಮ ಕೆಲಸ.

ಬೆಳೆಗಾರನ ಕಷ್ಟವನ್ನು ನಾನು ಸಣ್ಣದೆಂದು ಹೇಳುತ್ತಿಲ್ಲ. ಸಾವಿರಾರು ರೂಪಾಯಿ ಮುಂಗಡ ಮೇಸ್ತ್ರಿಯ ಕೈಯಲ್ಲಿ ಕರಗಿಹೋಗುತ್ತದೆ, ಅದರಲ್ಲಿ ಆಳಿಗೆ ಎಷ್ಟು ತಲುಪಿತೆಂದು ದೇವರಿಗೇ ಗೊತ್ತು. ಜೀಪು ಬಾಡಿಗೆ ಕೊಟ್ಟು ಕರೆತಂದವರನ್ನು ಪಕ್ಕದ ತೋಟದವರೇ ರಾತ್ರೋರಾತ್ರಿ ಎಳೆದುಕೊಳ್ಳುತ್ತಾರೆ. (ಇದನ್ನು ಮಾಡುವವರೂ ನಮ್ಮ ಸಂಘದ ಷೇರುದಾರರೇ ಎಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ.) ಕಣದಲ್ಲಿ ಕಾಫಿ ಹರಡಿದ್ದಾಗ ಅಕಾಲ ಮಳೆ ಬಂದರೆ ರಾಶಿ ಮಾಡಲು ಒಂದು ಕೈಯೂ ಇಲ್ಲ. ಈ ನಷ್ಟವನ್ನು ಯಾವ ಸಂಹಿತೆಯೂ ತುಂಬಿಕೊಡುವುದಿಲ್ಲ. ಆದರೆ ಹತ್ತು ಸಾವಿರದ ಈ ನಷ್ಟವನ್ನು ಆಳಿನ ಎರಡು ಸಾವಿರದ ಬಾಕಿಯಿಂದ ವಸೂಲು ಮಾಡುತ್ತೇವೆಂಬುದು ಲೆಕ್ಕವಲ್ಲ, ಸಿಟ್ಟು. ಆ ಸಿಟ್ಟಿನ ಸುದ್ದಿ ಯಾದಗಿರಿಯ ಬಸ್ ನಿಲ್ದಾಣಕ್ಕೆ ನಮಗಿಂತ ಮೊದಲು ತಲುಪುತ್ತದೆ. ಬಾಕಿ ಹಿಡಿಯುವ ತೋಟದ ಹೆಸರು ಈಗ ಮೊಬೈಲಿನಲ್ಲಿ ಊರೂರು ಸುತ್ತುತ್ತದೆ. ಮುಂದಿನ ಡಿಸೆಂಬರಿಗೆ ಮೇಸ್ತ್ರಿ ದುಪ್ಪಟ್ಟು ಮುಂಗಡ ಕೇಳಿದಾಗ ಕಾರಣ ಹುಡುಕುವ ಶ್ರಮ ಬೇಕಿಲ್ಲ.

ನಮ್ಮ ಕೈಯಲ್ಲೇ ಆಗಬಹುದಾದ ಒಂದು ಕೆಲಸವಿದೆ. ಸಣ್ಣ ತೋಟಗಳಲ್ಲಿ ಹಾಜರಿ ಬರೆಯುವ ರೂಢಿಯೇ ಕಡಿಮೆ. ಬರೆದರೂ ಕ್ಯಾಲೆಂಡರಿನ ಹಿಂದೆ ಗೀಟು ಹಾಕುವುದು. ಬರೆದಿಟ್ಟರೆ ನಾಳೆ ಇಲಾಖೆಯವರು ಬಂದು ಅದನ್ನೇ ನಮ್ಮ ಮೇಲೆ ಹಿಡಿದಾರು ಎಂಬ ಭಯ ಹಲವರಿಗಿದೆ. ನನ್ನ ಅಭಿಪ್ರಾಯದಲ್ಲಿ ಈ ಭಯ ತಿರುಗುಮುರುಗಾದುದು. ಮುಂಗಡ ಎಷ್ಟು ಕೊಟ್ಟೆ, ಎಷ್ಟು ದಿನ ದುಡಿದ, ಎಷ್ಟು ಮುರಿದೆ ಎಂಬ ಬರಹವಿಲ್ಲದಿದ್ದರೆ ಜಗಳ ಬಂದ ದಿನ ಸೋಲುವವನು ಮಾಲೀಕನೇ. ಆಳಿನ ಪಕ್ಷಕ್ಕಂತೂ ಒಂದು ಚೀಟಿ ಬಹಳ ಉಪಕಾರಿ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇಲ್ಲಿ ಕೊಯ್ಲಿಗಿದ್ದ ಎಂದು ತೋಟದವರು ಸಹಿ ಮಾಡಿಕೊಟ್ಟರೆ, ಊರಿನ ಪಂಚಾಯಿತಿಯ ಮುಂದೆ ತಾನು ಸೋಮಾರಿಯಾಗಿ ಗೈರಾದವನಲ್ಲ ಎಂದು ಹೇಳಿಕೊಳ್ಳಲು ಅವನ ಕೈಯಲ್ಲಿ ಏನಾದರೂ ಇರುತ್ತದೆ. ಹೊರಡುವ ಮುಂಚೆಯೇ ಪಂಚಾಯಿತಿಗೆ ಬರೆದು ತಿಳಿಸಿ ಬಾ, ರಸೀತಿ ಇಟ್ಟುಕೋ ಎಂದು ಮೇಸ್ತ್ರಿಯ ಮೂಲಕ ಹೇಳಿ ಕಳುಹಿಸುವುದೂ ನಮಗೆ ಖರ್ಚಿನ ಬಾಬಲ್ಲ.

ಕೆಲಸದಿಂದ ತೆಗೆಯಲೇಬೇಕಾದ ಸಂದರ್ಭದಲ್ಲಿ ಏನು ತಪ್ಪು, ಯಾವ ದಿನ, ಅವನು ಏನು ಹೇಳಿದ ಎಂಬುದನ್ನು ನಾಲ್ಕು ಸಾಲು ಬರೆದು, ಓದಿ ಹೇಳಿ, ಇಬ್ಬರ ಎದುರಿನಲ್ಲಿ ಅವನ ರುಜು ಅಥವಾ ಹೆಬ್ಬೆಟ್ಟು ಪಡೆದು ಲೆಕ್ಕ ತೀರಿಸಬೇಕು. ರಾತ್ರಿಯಲ್ಲಿ, ಕುಡಿದ ಅಮಲಿನಲ್ಲಿರುವಾಗ ಈ ಕೆಲಸ ಬೇಡ; ಬೆಳಗಿನ ಕಾಫಿಯಾದ ಮೇಲೆ ಮಾಡಿರಿ. ಅರ್ಧ ಜಗಳ ಅಷ್ಟರಲ್ಲೇ ಇಳಿದಿರುತ್ತದೆ.

ಇದಕ್ಕಾಗಿ ಸಂಘದಿಂದ ಎರಡು ಪ್ರತಿಯ ಚೀಟಿ ಪುಸ್ತಕವೊಂದನ್ನು ಅಚ್ಚು ಹಾಕಿಸಬೇಕೆಂದು ನನ್ನ ಸೂಚನೆ. ಒಂದು ಪ್ರತಿ ತೋಟದಲ್ಲಿ, ಇನ್ನೊಂದು ಆಳಿನ ಕೈಯಲ್ಲಿ. ಆಳಿನ ಹೆಸರು, ಊರು, ತಾಲ್ಲೂಕು, ಬಂದ ತಾರೀಖು, ಹೋದ ತಾರೀಖು, ಹಾಜರಿ, ಮುಂಗಡ, ಕಡಿತ, ಕೊಟ್ಟ ಬಾಕಿ: ಇಷ್ಟೇ ಸಾಕು, ಒಂದು ಪುಟಕ್ಕೆ ಹಿಡಿಯುತ್ತದೆ. ಗೊಬ್ಬರ, ಸುಣ್ಣ, ಮೈಲುತುತ್ತದ ಜೊತೆಗೆ ಸಂಘದ ಮಳಿಗೆಯಲ್ಲೇ ಅಸಲು ಬೆಲೆಗೆ ಕೊಡಬಹುದು. ಬರುವ ಸರ್ವಸದಸ್ಯರ ಸಭೆಯ ಮುಂದೆ ಇದನ್ನು ಠರಾವಿನ ರೂಪದಲ್ಲಿ ಇಡುವವನಿದ್ದೇನೆ. ವಿರೋಧವಿದ್ದವರು ಅಂದು ಬಂದು ಹೇಳಿರಿ. ಕಾಫಿ ಕೊಯ್ಲಿಗೆ ಮೊದಲು ಪುಸ್ತಕ ಕೈಗೆ ಬರಬೇಕಾದರೆ ತೀರ್ಮಾನ ಈ ಸಭೆಯಲ್ಲೇ ಆಗಬೇಕು.